ನಡುವೆ ಎದ್ದು ಹೋದ ಪಂಚ

ಸಾರವಾಡದ ಗುರಲಿಂಗಪ್ಪ ಜಗಳ ಬಿಡಿಸಲು ಕೂತನೆಂದರೆ ಅದು ಮುಗಿಯುವ ತನಕ ಏಳುತ್ತಿರಲಿಲ್ಲ. ಮುಂಜಾನೆ ರೊಟ್ಟಿ ತಿಂದು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿದರೆ, ಎರಡೂ ಕಡೆಯವರು ಕೂಗಾಡಿ, ಅತ್ತು, ಮತ್ತೆ ಕೂಗಾಡಿ ದಣಿಯುವವರೆಗೆ ಬಂಡೆಯಂತೆ ಇರುತ್ತಿದ್ದ. ಅವರು ದಣಿದ ಮೇಲೆ ಇವನು ಬಾಯಿ ತೆರೆಯುತ್ತಿದ್ದ. ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ತವರಿಗೆ ಬಂದು ಕೂತ ಹೆಣ್ಣುಮಗಳ ಸಂಗತಿ, ಏನೇ ಇದ್ದರೂ ಬಬಲೇಶ್ವರದಿಂದ ಕನಮಡಿಯವರೆಗೆ ಅವನಿಗೆ ಕರೆ ಬರುತ್ತಿತ್ತು. ಗುರಲಿಂಗಪ್ಪ ಕೂತರೆ ಅರ್ಧ ನ್ಯಾಯ ಆದಂತೆ ಎನ್ನುತ್ತಿದ್ದರು.

ಇನ್ನರ್ಧಕ್ಕೆ ತಿಕೋಟಾದ ಅಮೀನಸಾಬ ಬರುತ್ತಿದ್ದ. ಅವನೂ ಒಕ್ಕಲುತನದವನೇ, ಒಂದು ಲಿಂಬೆಯ ತೋಟವಿತ್ತು. ಗುರಲಿಂಗಪ್ಪನಿಗಿಂತ ಎರಡು ವರ್ಷ ದೊಡ್ಡವ. ಹರೆಯದಲ್ಲಿ ಇಬ್ಬರೂ ಒಂದೇ ಗರಡಿಯ ಮಣ್ಣು ಮೆತ್ತಿಕೊಂಡವರು. ಇವನು ಅವನಿಗೆ ಅಣ್ಣಾ ಎನ್ನುತ್ತಿದ್ದ, ಅವನು ಇವನಿಗೆ ತಮ್ಮಾ ಎನ್ನುತ್ತಿದ್ದ. ಆದರೆ ಜನ ಯಾರ ಹೆಸರು ಮೊದಲು ಹೇಳುತ್ತಾರೆ ಎಂಬುದರ ಮೇಲೆ ಗುರಲಿಂಗಪ್ಪ ಮೊದಲಿನಿಂದಲೂ ಒಂದು ಕಿವಿ ಇಟ್ಟಿದ್ದ. ‘ಗುರಲಿಂಗಪ್ಪ, ಅಮೀನಸಾಬ’ ಎಂದು ಬಂದರೆ ಅವನಿಗೆ ಅಂದಿನ ಊಟ ರುಚಿಸುತ್ತಿತ್ತು. ತಿರುಗಾಮುರುಗಾ ಆದರೆ ಹೆಂಡತಿ ಮುರಿಗೆವ್ವ ಮಾಡಿದ ಪಲ್ಯದಲ್ಲಿ ಉಪ್ಪು ಹೆಚ್ಚಾಗಿರುತ್ತಿತ್ತು.

ಅರವತ್ತು ದಾಟಿದ ಮೇಲೆ ಅವನ ಮೈಯಲ್ಲಿ ಒಂದು ಬದಲಾವಣೆ ಆಯಿತು. ಮೂತ್ರಕ್ಕೆ ಹೋದರೆ ಮೊದಲು ಬರುತ್ತಲೇ ಇರಲಿಲ್ಲ. ಗೋಡೆ ನೋಡುತ್ತ ಕಾಯಬೇಕು. ಬಂದರೂ ಎಳೆಯಂತೆ ಸಣ್ಣಗೆ ಬಂದು ನಿಂತು, ಮತ್ತೆ ಬಂದು, ಕೊನೆಗೆ ಹನಿಹನಿಯಾಗಿ ಧೋತರ ತೊಯ್ಯುತ್ತಿತ್ತು. ಮುಗಿಯಿತೆಂದು ಬಂದು ಕೂತರೆ ಇನ್ನೂ ಒಳಗೆ ಉಳಿದಿದೆ ಎನ್ನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ತಡೆಯಲಾರದ ಅವಸರ. ರಾತ್ರಿ ಮೂರು ನಾಲ್ಕು ಸಲ ಏಳುವುದಾಯಿತು. ನಿದ್ದೆ ಕೆಟ್ಟು ಮುಂಜಾನೆ ಕಣ್ಣು ಕೆಂಪಗಿರುತ್ತಿದ್ದವು. ಮುರಿಗೆವ್ವ ಕೇಳಿದರೆ ಉಷ್ಣ ಎಂದ. ಅವಳು ಕೊತ್ತಂಬರಿ ಬೀಜ ನೆನೆಸಿದ ನೀರು ಕೊಟ್ಟಳು, ಯಾರೋ ಹೇಳಿದರೆಂದು ನೆಗ್ಗಿಲ ಮುಳ್ಳಿನ ಕಷಾಯ ಕುದಿಸಿದಳು. ಒಂದೆರಡು ದಿನ ಹಗುರಾದಂತೆ ಅನ್ನಿಸಿ ಮತ್ತೆ ಮೊದಲಿನಂತೆಯೇ ಆಯಿತು. ದವಾಖಾನೆಗೆ ಹೋಗೋಣ ಎಂದಾಗ, ಇಂಥ ಮಾತನ್ನು ಪರರ ಮುಂದೆ ಹೇಳಿಕೊಳ್ಳುವುದು ಹೇಗೆ ಎಂದು ಅವನು ಎದ್ದು ಹೊಲಕ್ಕೆ ಹೋದ.

ಕನಮಡಿಯಲ್ಲಿ ಮೂವರು ಅಣ್ಣತಮ್ಮಂದಿರ ಪಾಲು ಮಾಡುವ ದಿನ ಅದು ಪಂಚಾಯ್ತಿಗೂ ಅಡ್ಡ ಬಂತು. ಬೇವಿನ ಮರದ ಕೆಳಗೆ ಊರೇ ಸೇರಿತ್ತು. ಬಾವಿಯ ಹೊಲ ಯಾರಿಗೆ ಎಂಬ ಮಾತು ಕುದಿಯುತ್ತಿರುವಾಗ ಗುರಲಿಂಗಪ್ಪನಿಗೆ ಅವಸರವಾಯಿತು. ತಡೆದ. ಹಲ್ಲು ಕಚ್ಚಿ ತಡೆದ. ಕೊನೆಗೆ ಆಗದೆ ಎದ್ದು ಹಾಳುಗೋಡೆಯ ಹಿಂದೆ ಹೋದ. ಹೋದವನು ನಿಂತ, ನಿಂತೇ ಇದ್ದ. ಆ ಕಡೆ ಕೂಗಾಟ ತಗ್ಗಿತು, ಒಬ್ಬನ ದನಿ ಮಾತ್ರ ಕೇಳಿತು, ಅದು ಅಮೀನಸಾಬನದು. ಗುರಲಿಂಗಪ್ಪ ಧೋತರ ಸರಿಮಾಡಿಕೊಂಡು ಬರುವಷ್ಟರಲ್ಲಿ ನ್ಯಾಯ ಮುಗಿದಿತ್ತು. ಅಣ್ಣತಮ್ಮಂದಿರು ಅಮೀನಸಾಬನ ಕಾಲು ಮುಟ್ಟುತ್ತಿದ್ದರು. ಇವನನ್ನು ನೋಡಿ ಯಾರೋ ಚಹಾ ತಂದುಕೊಟ್ಟರು.

ಅಮೀನಸಾಬ ಪಕ್ಕಕ್ಕೆ ಸರಿದು ಜಾಗ ಮಾಡಿ, ಸರಿಯಾದ ಹೊತ್ತು ಸಿಕ್ಕಿತು, ಬಿಟ್ಟರೆ ಮತ್ತೆ ಕೆಡುತ್ತಿತ್ತು, ಅದಕ್ಕೆ ಹೇಳಿಬಿಟ್ಟೆ ಎಂದ. ಗುರಲಿಂಗಪ್ಪ ಛಲೋ ಆಯಿತು ಎಂದ. ಚಹಾ ಬಾಯಿ ಸುಟ್ಟಿತು.

ಅಂದಿನಿಂದ ಅವನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಮೀನಸಾಬನ ಹೆಸರಿಗಿಂತ ಅವನ ಮೈಯ ಮೇಲೆಯೇ ಕಣ್ಣು. ನನಗಿಂತ ದೊಡ್ಡವ, ಎರಡು ಲೋಟ ಮಜ್ಜಿಗೆ ಕುಡಿದು ಸಂಜೆತನಕ ಕೂಡುತ್ತಾನಲ್ಲ, ಅದು ಹೇಗೆ? ಮುಂದಿನ ಪಂಚಾಯ್ತಿಗಳಲ್ಲಿ ಗುರಲಿಂಗಪ್ಪ ವಾದ ಕೇಳುವುದು ಬಿಟ್ಟು ಅಮೀನಸಾಬ ಯಾವಾಗ ಏಳುತ್ತಾನೆ ಎಂದು ನೋಡತೊಡಗಿದ. ಅವನು ಎದ್ದು ಹೋದರೆ ಇವನೂ ಏನೋ ನೆವ ಹೇಳಿ ಹಿಂದೆ ಹೋಗುತ್ತಿದ್ದ. ಅಮೀನಸಾಬ ಗಿಡದ ಮರೆಗೆ ಕೂತು ಏಳುವುದು ಹುಡುಗರಷ್ಟು ಬೇಗ ಆಗುತ್ತಿತ್ತು. ಒಣಮಣ್ಣಿನ ಮೇಲೆ ಧಾರೆ ಬೀಳುವ ಸಪ್ಪಳ ಕೇಳಿ ಗುರಲಿಂಗಪ್ಪನಿಗೆ ಕಣ್ಣಲ್ಲಿ ಖಾರ ಹಾಕಿದಂತಾಗುತ್ತಿತ್ತು. ಹಿಂದೆ ಕುಸ್ತಿಯಲ್ಲಿ ಇದೇ ಅಮೀನಸಾಬ ತನ್ನನ್ನು ಚಿತ್ತು ಮಾಡಿದಾಗಲೂ ಅಷ್ಟು ಉರಿದಿರಲಿಲ್ಲ.

ಮನಸ್ಸಿನಲ್ಲಿ ಲೆಕ್ಕ ಹಾಕಿದ. ಅವನು ತಂಬಾಕು ತಿನ್ನುತ್ತಾನೆ, ನಾನು ತಿನ್ನುವುದಿಲ್ಲ. ನಾನು ವಾರದ ಉಪವಾಸ ಬಿಟ್ಟವನಲ್ಲ. ಹರೆಯದಲ್ಲಿ ದಾರಿ ತಪ್ಪಿದವರಿಗೆ ಈ ಬ್ಯಾನಿ ಬರುತ್ತದೆ ಎಂದು ಒಬ್ಬ ಮುದುಕ ಹೇಳಿದ್ದ, ಹಾಗಿದ್ದರೆ ನನಗೇಕೆ? ನೀರು ಕುಡಿದರೆ ತಾನೇ ಮೂತ್ರ ಎಂದು ನೀರು ಬಿಟ್ಟ. ಮುಂಜಾನೆ ಒಂದು ಬಟ್ಟಲು ಚಹಾ, ಊಟದ ಜೊತೆ ಎರಡು ಗುಟುಕು. ಮೂತ್ರ ಹಳದಿಯಾಗಿ ಉರಿಯತೊಡಗಿತು.

ಸಾವಿರದ ಒಂಬೈನೂರ ಎಪ್ಪತ್ತೈದರ ಚಳಿಗಾಲದಲ್ಲಿ ತಿಕೋಟಾದಲ್ಲಿಯೇ ಒಂದು ಪಂಚಾಯ್ತಿ ಬಂತು. ಒಂದು ಬಾವಿಯ ನೀರಿನ ಪಾಳಿಗಾಗಿ ಎರಡು ಮನೆತನಗಳು ಕುಡುಗೋಲು ಹಿಡಿದಿದ್ದವು. ಗುರಲಿಂಗಪ್ಪನಿಗೆ ನೆಗಡಿಯಾಗಿತ್ತು. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ ಸ್ಟ್ಯಾಂಡಿನ ಅಂಗಡಿಯಲ್ಲಿ ನೆಗಡಿ ಗುಳಿಗೆ ಕೊಂಡು ನುಂಗಿದ. ಇವತ್ತು ಅಮೀನಸಾಬನ ಊರಲ್ಲೇ, ಅವನ ಜನರ ಮುಂದೆಯೇ, ನಾನು ಏಳುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಬಸ್ಸು ಹತ್ತಿದ್ದ.

ಅವನು ಏಳಲಿಲ್ಲ. ಮಧ್ಯಾಹ್ನಕ್ಕೆ ಕೆಳಹೊಟ್ಟೆ ಬಿಗಿಯಿತು. ಊಟಕ್ಕೆ ಬಿಟ್ಟಾಗ ಗುಟ್ಟಾಗಿ ಹಿತ್ತಲಿಗೆ ಹೋಗಿ ನಿಂತ, ಒಂದು ಹನಿಯೂ ಬರಲಿಲ್ಲ. ಬಂದು ಕೂತ. ಬಿಸಿಲು ಇಳಿಯುವ ಹೊತ್ತಿಗೆ ಹೊಟ್ಟೆ ಕಲ್ಲಿನಂತಾಗಿ, ಚಳಿಗಾಲದ ಗಾಳಿಯಲ್ಲೂ ಹಣೆಯಿಂದ ಬೆವರು ಇಳಿಯಿತು. ಎದುರಿನವರ ಮಾತು ದೂರದಿಂದ ಬಂದಂತೆ ಕೇಳುತ್ತಿತ್ತು. ಅಮೀನಸಾಬ ಒಮ್ಮೆ ಇವನ ಮುಖ ನೋಡಿದ, ಮತ್ತೊಮ್ಮೆ ನೋಡಿದ. ಆಮೇಲೆ ಕೈಯೆತ್ತಿ ಮಾತು ನಿಲ್ಲಿಸಿ, ನ್ಯಾಯ ಇನ್ನೊಂದು ದಿನ ಎಂದು ಎದ್ದುಬಿಟ್ಟ.

“ಗುರಲಿಂಗಾ, ಏನಾಗಾಕತ್ತದ ಹೇಳು,” ಎಂದು ಕಿವಿಯ ಹತ್ತಿರ ಕೇಳಿದ.

“ಏನಿಲ್ಲ. ನ್ಯಾಯ ಮುಗಸು ನೀ.”

“ನ್ಯಾಯ ಹಾಳಾಗಿ ಹೋಗ್ಲಿ. ಮುಂಜಾನಿಂದ ನೀ ಎದ್ದಿಲ್ಲ. ಮೂತ್ರ ಕಟ್ಟೇದೇನು?”

ಗುರಲಿಂಗಪ್ಪ ತಲೆ ತಗ್ಗಿಸಿದ. ಬೇರೆ ಯಾರು ಕೇಳಿದ್ದರೂ ಹೇಳುತ್ತಿದ್ದನೇನೋ. ಇವನ ಮುಂದೆ ತಲೆ ತಗ್ಗಿಸುವುದು ಹೊಟ್ಟೆಯ ನೋವಿಗಿಂತ ಹೆಚ್ಚು ನೋಯಿಸಿತು.

ಲಿಂಬೆ ಹೇರಿದ ಒಂದು ಲಾರಿ ವಿಜಾಪುರಕ್ಕೆ ಹೊರಟಿತ್ತು. ಅದರಲ್ಲಿ ಅಮೀನಸಾಬ ಅವನನ್ನು ಕೂಡಿಸಿಕೊಂಡು, ಕುಲುಕಾಟ ತಾಗದಂತೆ ತನ್ನ ತೋಳು ಅಡ್ಡ ಕೊಟ್ಟು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದ ಒಬ್ಬ ಸರ್ಜನ್ನರ ದವಾಖಾನೆಗೆ ಮುಟ್ಟಿಸಿದ. ಡಾಕ್ಟರ ಹೆಸರು ಅಬ್ದುಲಸಮದ, ನಡುವಯಸ್ಸಿನವರು, ಮಾತು ಮೆಲ್ಲಗೆ. ಹೊಟ್ಟೆ ಮುಟ್ಟಿ ನೋಡಿದವರೇ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟು ರಬ್ಬರಿನ ನಳಿಗೆ ಹಾಕಿದರು. ಪಾತ್ರೆ ತುಂಬಿತು, ಇನ್ನೊಂದು ತರಿಸಿದರು. ಗುರಲಿಂಗಪ್ಪನ ಕಣ್ಣಿಂದ ನೀರು ಬಂತು. ಅಷ್ಟು ಸುಖ ಅವನಿಗೆ ಹರೆಯದಲ್ಲೂ ಗೊತ್ತಿರಲಿಲ್ಲ.

ಮರುದಿನ ಮುರಿಗೆವ್ವ ಬಂದ ಮೇಲೆ ಡಾಕ್ಟರು ಹಿಂದಿನಿಂದ ಬೆರಳು ಹಾಕಿ ಪರೀಕ್ಷೆ ಮಾಡಿದರು, ರಕ್ತ ತೆಗೆಸಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದರು.

“ಯಜಮಾನ್ರ, ಗಂಡಸರಿಗಿ ಮೂತ್ರದ ಚೀಲದ ಕೆಳಗ ಒಂದು ಗ್ರಂಥಿ ಇರ್ತದ. ಪ್ರಾಸ್ಟೇಟ್ ಅಂತೀವಿ. ಹರೇದಾಗ ದೊಡ್ಡ ಬಾರಿಹಣ್ಣಿನಷ್ಟು. ವಯಸ್ಸಾದಂಗ ಬೆಳಿತದ, ನಿಮ್ದು ಲಿಂಬಿಕಾಯಿಗಿಂತ ದೊಡ್ಡದಾಗ್ಯದ. ಮೂತ್ರದ ನಾಳ ಅದರ ನಡುವ ಹಾದು ಬರ್ತದ. ಗ್ರಂಥಿ ದಪ್ಪ ಆಗಿ ನಾಳ ಹಿಸುಕ್ಯದ. ನೀರು ಬಿಟ್ಟಿದ್ದು, ತಡಕೊಂಡು ಕುಂತಿದ್ದು, ಆ ನೆಗಡಿ ಗುಳಿಗಿ, ಮೂರೂ ಕೂಡಿ ಪೂರಾ ಕಟ್ಟಿತು.”

“ಯಾಕ ಬೆಳಿತದ್ರಿ? ನಾ ಏನ ತಪ್ಪು ಮಾಡೇನಿ?”

“ತಪ್ಪು ಏನೂ ಇಲ್ಲ. ವಯಸ್ಸು, ಮತ್ತ ಗಂಡಸಿನ ಮೈಯಾಗಿನ ರಸ. ಅದಕ್ಕಿಂತ ಹೆಚ್ಚಿಂದು ಇನ್ನೂ ಯಾರಿಗೂ ಪೂರಾ ಗೊತ್ತಿಲ್ಲ. ಉಷ್ಣದಿಂದ ಅಲ್ಲ, ಪಾಪದಿಂದ ಅಲ್ಲ. ಕೂದಲಾ ಬೆಳ್ಳಗ ಆದಂಗ.”

ಗ್ರಂಥಿ ಕೈಗೆ ಮೆತ್ತಗೆ, ನುಣ್ಣಗೆ ಹತ್ತಿತು, ಗಂಟು ಗಂಟಾಗಿಲ್ಲ; ಹಾಗಾಗಿ ಕ್ಯಾನ್ಸರ್ ಇರಲಾರದು, ಮುಂದೆ ತೆಗೆದರೆ ಚೂರನ್ನು ಪರೀಕ್ಷೆಗೆ ಕಳಿಸಿ ಖಾತ್ರಿ ಮಾಡಿಕೊಳ್ಳೋಣ ಎಂದರು. ಮೂತ್ರ ಬಹಳ ದಿನ ಒಳಗೇ ಉಳಿದು ಮೂತ್ರಪಿಂಡಕ್ಕೂ ತ್ರಾಸಾಗಿತ್ತು. ಮೊದಲು ಎರಡು ವಾರ ನಳಿಗೆ ಇಟ್ಟು ಅದು ಸುಧಾರಿಸಬೇಕು. ಆಮೇಲೆ ನಳಿಗೆ ತೆಗೆದು ನೋಡುವುದು. ತಾನಾಗಿಯೇ ಬಂದರೆ ಜಾಗ್ರತೆಯಿಂದ ಹಾಗೆಯೇ ಇರಬಹುದು. ಬರದಿದ್ದರೆ ಆಪರೇಷನ್. ಕರಗಿಸುವ ಗುಳಿಗೆ ತಮ್ಮ ಹತ್ತಿರ ಇಲ್ಲ. ಮುಂಬಯಿಯಲ್ಲಿ ಹೊಟ್ಟೆ ಕೊಯ್ಯದೆ ನಾಳದ ಒಳಗಿಂದಲೇ ಕೆತ್ತಿ ತೆಗೆಯುತ್ತಾರೆ, ಇಲ್ಲಿ ಕೆಳಹೊಟ್ಟೆ ತೆರೆದು ತೆಗೆಯುತ್ತೇವೆ ಎಂದರು.

ಗುರಲಿಂಗಪ್ಪ ಎಲ್ಲ ಕೇಳಿಸಿಕೊಂಡ. ಹೊರಗೆ ಬಾಂಕಿನ ಮೇಲೆ ಅಮೀನಸಾಬ ಕೂತಿದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

“ಅವ ನನಗಿಂತ ದೊಡ್ಡವ ಅದಾನ. ಅವಗ ಯಾಕ ಇಲ್ಲ?”

ಡಾಕ್ಟರು ನಕ್ಕು ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ ಎಂದರು. ಗುರಲಿಂಗಪ್ಪನಿಗೆ ನಗು ಬರಲಿಲ್ಲ.

ಆ ಎರಡು ವಾರ ಅವನು ಕಾಟಿನ ಮೇಲೆ ಮಲಗಿ ಹೊಟ್ಟೆಕಿಚ್ಚು ಪಡುವುದೊಂದನ್ನೇ ಮಾಡಿದ. ಪಕ್ಕದ ಕಾಟಿನಲ್ಲಿ ಬಬಲೇಶ್ವರದ ಬಸಲಿಂಗಯ್ಯ ಎಂಬ ರಿಟಾಯರ್ಡ್ ಮಾಸ್ತರರಿದ್ದರು, ಅದೇ ಬ್ಯಾನಿ. ಇಬ್ಬರಿಗೂ ಒಂದೇ ದಿನ ನಳಿಗೆ ತೆಗೆದರು. ಮಾಸ್ತರರು ಒಂದು ತಂಬಿಗೆ ನೀರು ಕುಡಿದು ಬಚ್ಚಲಿಗೆ ಹೋಗಿ, ಹೊಸ ಮದುಮಗನ ಮುಖ ಮಾಡಿಕೊಂಡು ಬಂದರು. ಗುರಲಿಂಗಪ್ಪ ಹೋಗಿ, ನೀರಿನ ಸಪ್ಪಳಕ್ಕಾದರೂ ಬಂದೀತೆಂದು ಬಚ್ಚಲ ನಳ ಬಿಟ್ಟುಕೊಂಡು ನಿಂತ, ಕೂತ, ದೇವರನ್ನು ನೆನೆದ. ಸಂಜೆ ಮತ್ತೆ ನಳಿಗೆ ಹಾಕಬೇಕಾಯಿತು. ಮಾಸ್ತರರು ಸಮಾಧಾನ ಹೇಳಲು ಬಂದಾಗ ಅವನು ಗೋಡೆಯ ಕಡೆ ಹೊರಳಿದ.

ಬಿಡುಗಡೆಯಾಗಿ ಹೋಗುವಾಗ ಮಾಸ್ತರರೇ ಒಂದು ಸುದ್ದಿಯನ್ನೂ ಬಿಟ್ಟುಹೋದರು. ಬಬಲೇಶ್ವರದಲ್ಲಿ ತವರಿಗೆ ಬಂದು ಕೂತಿದ್ದ ಬೋರವ್ವನ ಮಗಳ ಪಂಚಾಯ್ತಿ ಮುಗಿಯಿತಂತೆ. ಗಂಡನ ಮನೆಯವರು ತಪ್ಪೊಪ್ಪಿಕೊಂಡು ಅವಳನ್ನು ಕರೆದುಕೊಂಡು ಹೋದರಂತೆ. ಆ ಪಂಚಾಯ್ತಿಗೆ ಗುರಲಿಂಗಪ್ಪನನ್ನು ಮೊದಲೇ ಕರೆದಿದ್ದರು. ಅಮೀನಸಾಬ ಒಬ್ಬನೇ ಕೂತು ಮುಗಿಸಿದ್ದ. ಎಂಥಾ ತಾಳ್ಮೆ ಎಂದು ಊರೆಲ್ಲ ಹೊಗಳುತ್ತಿದೆ ಎಂದರು ಮಾಸ್ತರರು.

ಆ ಮಧ್ಯಾಹ್ನವೇ ಅಮೀನಸಾಬ ಬಂದ. ಅವನು ದಿನ ಬಿಟ್ಟು ದಿನ ಬರುತ್ತಿದ್ದ, ಬಂದಾಗಲೆಲ್ಲ ತೋಟದ ಲಿಂಬೆಹಣ್ಣು ತರುತ್ತಿದ್ದ. ಮುರಿಗೆವ್ವ ಅವನಿಗೆ ಅಣ್ಣಾರ ಎಂದು ಸ್ಟೂಲ್ ಇಡುತ್ತಿದ್ದಳು, ಅವನ ಮಾತಿಗೆ ನಗುತ್ತಿದ್ದಳು. ತನ್ನ ಮುಂದೆ ಅವಳು ಹಾಗೆ ನಕ್ಕು ಎಷ್ಟು ವರ್ಷವಾಯಿತು ಎಂದು ಗುರಲಿಂಗಪ್ಪ ಮಲಗಿದಲ್ಲೇ ನೆನೆಸಿಕೊಂಡ. ಅಂದು ಅವಳು ನಗುನಗುತ್ತಲೇ ಗಂಡನ ಕಡೆ ತಿರುಗಿ, ನೀರಿನ ತಂಬಿಗೆ ಹಾಗೇ ಇದೆ, ಕುಡಿಯಿರಿ ಅಂದರೆ ಕೇಳುವುದಿಲ್ಲ, ಸಣ್ಣ ಕೂಸಿಗಿಂತ ಕಡೆ, ಊರಿಗೆ ಬುದ್ಧಿ ಹೇಳುವವರಿಗೆ ಸ್ವಂತ ಬುದ್ಧಿ ಇಲ್ಲ ಎಂದು ಬೈದು ಚಹಾ ತರಲು ಹೊರಗೆ ಹೋದಳು.

ಗುರಲಿಂಗಪ್ಪ ತಡೆಯಲಾರದೆ ಅಂದ: “ಬಬಲೇಶ್ವರದ್ದು ಮುಗಿಸಿದೆಂತ. ಛಲೋ ಆತು ಬಿಡು. ನಾ ಇಲ್ಲಿ ಬಿದ್ದಿದ್ದು ನಿನಗ ಅನುಕೂಲ ಆತು.”

ಅಮೀನಸಾಬ ಸ್ಟೂಲ್ ಹತ್ತಿರ ಎಳೆದುಕೊಂಡ. ಕೈಯಲ್ಲಿದ್ದ ಲಿಂಬೆಹಣ್ಣು ತಿರುಗಿಸುತ್ತ ಕೂತ.

“ಆ ಹುಡುಗಿ ಬಸುರಿ ಅದಾಳ ತಮ್ಮಾ. ನೀ ಎದ್ದು ಬರೂತನಕ ಕಾಯೂ ಹಂಗಿರಲಿಲ್ಲ,” ಎಂದ. ಹಣ್ಣನ್ನು ಕೆಳಗಿಟ್ಟು, “ನೀ ನನ್ನ ಮ್ಯಾಲೆ ಹೊಟ್ಟಿ ಉರ್ಕೋತಿ, ಅದು ನನಗ ಗರಡ್ಯಾಗಿಂದ ಗೊತ್ತು. ನಾ ಯಾಕ ದಿನ ಬಿಟ್ಟ ದಿನ ಬರ್ತೇನಿ ಅದು ನಿನಗ ಗೊತ್ತಿಲ್ಲ.”

“ಯಾಕ?”

“ನಮ್ಮಾಕಿ ಮಕ್ತುಮಬಿ ತೀರಿ ಹೋದಾಗಿಂದ ಮನ್ಯಾಗ ಸೊಸಿ ಹೊತ್ತಿಗಿ ಸರಿಯಾಗಿ ರೊಟ್ಟಿ ಕೊಡ್ತಾಳ, ನೀರು ಕೊಡ್ತಾಳ. ಮರ್ಯಾದಿ ಅದ. ನನ್ನ ಮಾರಿ ನೋಡಿ ಬೈಯೋವ್ರು ಮಾತ್ರ ಯಾರೂ ಇಲ್ಲ. ಮುರಿಗೆವ್ವ ನಿನಗ ಬೈತಾಳಲ್ಲ, ಅದನ್ನ ಕೇಳಾಕ ಬರ್ತೇನಿ. ಕೇಳಿ, ಮನಿಗಿ ಹೋಗೂ ದಾರ್ಯಾಗ ನನಗೂ ಹೊಟ್ಟಿ ಉರಿತದ.”

ಮುರಿಗೆವ್ವ ಚಹಾ ತಂದು ಇಬ್ಬರಿಗೂ ಕೊಟ್ಟಳು. ಗುರಲಿಂಗಪ್ಪನಿಗೆ ಮೊದಲು ಆದದ್ದು ಸಂತೋಷ. ಅಮೀನಸಾಬನಂಥವನು ತನ್ನನ್ನು ಕಂಡು ಕರುಬುತ್ತಾನೆ ಎಂಬುದು ಒಣಹೊಲಕ್ಕೆ ನೀರು ಬಿಟ್ಟಂತೆ ಮೈಯೆಲ್ಲ ಹರಿಯಿತು. ಅದರ ಹಿಂದೆಯೇ ನಾಚಿಕೆ ಬಂತು. ಮಕ್ತುಮಬಿಯ ಮಣ್ಣಿಗೆ ಹೋದಾಗ ತಾನು ಅಮೀನಸಾಬನ ಹತ್ತಿರ ಕೂಡದೆ, ಎಷ್ಟು ಜನ ಸೇರಿದ್ದಾರೆ ಎಂದು ನೋಡುತ್ತಿದ್ದುದು ನೆನಪಾಯಿತು. ತಂಬಿಗೆ ಎತ್ತಿ ಅರ್ಧ ನೀರು ಕುಡಿದ.

ಮರುದಿನ ಮುರಿಗೆವ್ವ ಇಲ್ಲದಾಗ ಅವನು ಡಾಕ್ಟರನ್ನು ಹತ್ತಿರ ಕರೆದು, ಆಪರೇಷನ್ ಆದರೆ ಗಂಡಸುತನ ಹೋಗುತ್ತದೆಯೇ ಎಂದು ಕೇಳಿದ. ಇಷ್ಟು ದಿನ ದವಾಖಾನೆ ತಪ್ಪಿಸಿದ್ದಕ್ಕೆ ಅದೂ ಒಂದು ಕಾರಣವಾಗಿತ್ತು. ಡಾಕ್ಟರು ಇದನ್ನು ಎಲ್ಲರೂ ಕೇಳುತ್ತಾರೆ, ಕೊನೆಗೆ ಕೇಳುತ್ತಾರೆ ಎಂದರು. ಹೆಚ್ಚಿನವರಿಗೆ ಹೋಗುವುದಿಲ್ಲ, ವೀರ್ಯ ಮಾತ್ರ ಹೊರಗೆ ಬರದೆ ಮೂತ್ರದ ಚೀಲಕ್ಕೆ ಹೋಗುತ್ತದೆ, ಅದರಿಂದ ತೊಂದರೆ ಇಲ್ಲ ಎಂದರು. ರಕ್ತ ಹೋಗಬಹುದು, ನಂಜಾಗಬಹುದು, ಕೆಲವು ವಾರ ಮೂತ್ರ ತಡೆಯುವುದು ಕಷ್ಟವಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಗುರಲಿಂಗಪ್ಪ ಒಪ್ಪಿದ.

ಆಪರೇಷನ್ನಿನ ದಿನ ಬೆನ್ನಿಗೆ ಸೂಜಿ ಚುಚ್ಚಿ ಕಾಲು ಸತ್ತಂತೆ ಮಾಡಿದರು. ಎಚ್ಚರವಿದ್ದ ಅವನಿಗೆ ಡಾಕ್ಟರು ತಮ್ಮೊಳಗೆ ಆಡುವ ಮಾತು ಕೇಳುತ್ತಿತ್ತು. ತೆಗೆದ ಗ್ರಂಥಿಯನ್ನು ಬಟ್ಟಲಲ್ಲಿ ತೋರಿಸಿದರು. ಇಷ್ಟು ಸಣ್ಣದು ನನ್ನ ಮಾನ ಕಳೆಯಿತಲ್ಲ ಎಂದುಕೊಂಡ. ಮೂರು ದಿನ ನಳಿಗೆಯಲ್ಲಿ ಕೆಂಪು ಬಂತು. ಹೊಲಿಗೆ ಜಗ್ಗುತ್ತಿತ್ತು, ಕೆಮ್ಮಿದರೆ ಜೀವ ಹೋದಂತಾಗುತ್ತಿತ್ತು. ಆಮೇಲೆ ತಿಳಿಯಾಯಿತು. ನಳಿಗೆ ತೆಗೆದ ದಿನ ಮುರಿಗೆವ್ವ ಬಚ್ಚಲ ಬಾಗಿಲ ಹೊರಗೆ ನಿಂತಿದ್ದಳು. ಒಳಗಿಂದ ಸಪ್ಪಳ ಕೇಳಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಚೂರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂತು.

ಊರಿಗೆ ಬಂದ ಮೇಲೆ ಒಂದು ತಿಂಗಳು ಕೆಮ್ಮಿದರೆ, ಭಾರ ಎತ್ತಿದರೆ ಧೋತರ ತೊಯ್ಯುತ್ತಿತ್ತು. ಮುರಿಗೆವ್ವ ಹಳೆಯ ಅರಿವೆ ಮಡಿಚಿ ಕೊಡುತ್ತಿದ್ದಳು. ಮೆಲ್ಲಗೆ ಅದೂ ನಿಂತಿತು. ರಾತ್ರಿ ಒಮ್ಮೆ ಎದ್ದರೆ ಮುಗಿಯಿತು. ನೋಡಲು ಬಂದ ಜನ ಏನಾಗಿತ್ತು ಎಂದರೆ ಅವನು ಮೊದಮೊದಲು ಹೊಟ್ಟೆನೋವು ಎನ್ನುತ್ತಿದ್ದ. ಒಂದು ದಿನ ಶಂಕ್ರೆಪ್ಪನೆಂಬ ಮುದುಕ ಎಲ್ಲರೂ ಹೋದ ಮೇಲೂ ಕೂತೇ ಇದ್ದು, ನೆಲ ಕೆರೆಯುತ್ತ, ತನಗೆ ನಿಂತರೆ ಬರುವುದಿಲ್ಲ, ಕೂತರೆ ತಡೆಯುವುದಿಲ್ಲ ಎಂದ. ಅವನ ಮುಖದಲ್ಲಿ ಗುರಲಿಂಗಪ್ಪ ತನ್ನ ಕಳೆದ ಎರಡು ವರ್ಷ ಕಂಡ. ಆಮೇಲೆ ಯಾರು ಕೇಳಿದರೂ ಬಿಚ್ಚಿ ಹೇಳತೊಡಗಿದ. ನೀರು ಬಿಡಬೇಡಿ, ಮಲಗುವ ಮುಂದಷ್ಟೇ ಕಡಿಮೆ ಮಾಡಿ, ತಡೆದು ಕೂಡಬೇಡಿ, ಕೇಳದೆ ನೆಗಡಿ ಗುಳಿಗೆ ನುಂಗಬೇಡಿ, ರಕ್ತ ಬಿದ್ದರೆ, ಕಟ್ಟಿದರೆ ಅಂದೇ ಹೋಗಿ ಎನ್ನುತ್ತಿದ್ದ. ಬಬಲೇಶ್ವರದಿಂದ, ಕನಮಡಿಯಿಂದಲೂ ಮುದುಕರು ಬೇರೆ ಏನೋ ಕೆಲಸದ ನೆವ ಹೇಳಿ ಅವನ ಕಟ್ಟೆಗೆ ಬಂದು ಕೂತರು.

ಅಮೀನಸಾಬನಿಗೂ ಒಮ್ಮೆ ತೋರಿಸಿಕೋ ಎಂದು ಅವನೇ ಗಂಟುಬಿದ್ದ. ತನಗೆ ಏನೂ ತ್ರಾಸಿಲ್ಲ ಎಂದು ಅಮೀನಸಾಬ ವರ್ಷವಿಡೀ ಮುಂದೂಡಿದ. ಮುರಿಗೆವ್ವ ಬೈದ ಮೇಲೆ ಮೂವರೂ ವಿಜಾಪುರಕ್ಕೆ ಹೋದರು. ಡಾಕ್ಟರು ಪರೀಕ್ಷೆ ಮಾಡಿ ಹೊರಗೆ ಬಂದು, ಇವರ ಗ್ರಂಥಿಯೂ ದೊಡ್ಡದೇ ಇದೆ, ನಿಮ್ಮದಕ್ಕಿಂತ ಸ್ವಲ್ಪ ಹೆಚ್ಚೇ ಇರಬಹುದು ಎಂದರು. ಆದರೆ ನಾಳವನ್ನು ಒತ್ತಿಲ್ಲ. ಕೆಲವರಿಗೆ ದೊಡ್ಡದಿದ್ದರೂ ದಾರಿ ತೆರೆದಿರುತ್ತದೆ, ಕೆಲವರಿಗೆ ಸಣ್ಣದಿದ್ದರೂ ಮುಚ್ಚುತ್ತದೆ. ಔಷಧ ಬೇಡ, ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು.

ಅಮೀನಸಾಬ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದ. ಗುರಲಿಂಗಪ್ಪ ಬಾಂಕಿನ ಮೇಲೆ ಮುಖ ಬಿಗಿದು ಕೂತಿದ್ದ.

“ನನಗಿಂತ ದೊಡ್ಡದು ಇಟಗೊಂಡು ಹುಡುಗೂರಂಗ ಉಚ್ಚಿ ಹೊಯ್ತಿ,” ಎಂದ. “ಇದು ಯಾ ನ್ಯಾಯ ಅಣ್ಣಾ?”

ಅವನು ತಮಾಷೆಗೆ ಹೇಳಿದ್ದಲ್ಲ ಎಂಬುದು ಮುರಿಗೆವ್ವನಿಗೂ ಗೊತ್ತಾಯಿತು, ಅಮೀನಸಾಬನಿಗೂ ಗೊತ್ತಾಯಿತು. ಆದರೂ ಅದನ್ನು ಅವನು ಎದುರಿಗೇ ಹೇಳಿದ್ದು ಅದೇ ಮೊದಲು. ಅಮೀನಸಾಬ ಅವನ ಕೈ ಹಿಡಿದು ಎಬ್ಬಿಸಿದ. ಗುಡಿಯ ಮುಂದಿನ ಪೇಟೆಯಲ್ಲಿ ಮುರಿಗೆವ್ವನಿಗೆ ಬಳೆ ಕೊಳ್ಳುವುದಿತ್ತು. ಅವಳು ಮುಂದೆ ನಡೆದಳು, ಇಬ್ಬರು ಮುದುಕರು ತಮ್ಮತಮ್ಮ ಧೋತರದ ಚುಂಗು ಹಿಡಿದುಕೊಂಡು ಹಿಂದೆ ನಡೆದರು.